ತೇಲಾಡೋರಿಗೆ ಗುರುತ್ವ ಇಲ್ವಾ?

ಪ್ರಶ್ನೆ: ಸ್ಪೇಸ್ ಸ್ಟೇಷನ್‌ನಲ್ಲಿ ಎಲ್ರೂ ತೇಲಾಡ್ತಿರ್ತಾರಲ್ಲ ಸರ್, ಅಲ್ಲಿ ಗುರುತ್ವಾಕರ್ಷಣೆ ಇರೋದೇ ಇಲ್ವಾ?

ಉತ್ತರ: ಇದೆ ಕಣ್ರೀ, ಧಾರಾಳವಾಗೇ ಇದೆ! ಸ್ಟೇಷನ್ ಇರೋದು ಸುಮಾರು 400 ಕಿ.ಮೀ. ಎತ್ತರದಲ್ಲಿ, ಬೆಂಗಳೂರಿಂದ ಹುಬ್ಬಳ್ಳಿಗೆ ಹೋದಷ್ಟು ದೂರ ಅಷ್ಟೇ, ಅಲ್ಲೂ ಭೂಮಿಯ ಎಳೆತ ಇಲ್ಲಿಯ ಸುಮಾರು 90% ಇದ್ದೇ ಇರತ್ತೆ. ಅಸಲಿ ವಿಷ್ಯ ಏನಂದ್ರೆ ಸ್ಟೇಷನ್ನು, ಅದರೊಳಗಿರೋ ಜನ, ಅವರ ಊಟದ ಪ್ಯಾಕೆಟ್ಟು ಎಲ್ಲಾ ಒಟ್ಟಿಗೇ ಭೂಮಿ ಕಡೆ ಬೀಳ್ತಾ ಇರ್ತಾವೆ, ಆದ್ರೆ ಗಂಟೆಗೆ ಸುಮಾರು 28,000 ಕಿ.ಮೀ. ಸ್ಪೀಡಲ್ಲಿ ಅಡ್ಡಡ್ಡ ಓಡ್ತಿರೋದ್ರಿಂದ, ಬೀಳೋ ಅಷ್ಟರಲ್ಲಿ ದುಂಡಗಿರೋ ಭೂಮಿನೇ ಕೆಳಗೆ ಬಾಗ್ಬಿಟ್ಟಿರತ್ತೆ, ನೆಲ ಸಿಗೋದೇ ಇಲ್ಲ. ಎಲ್ಲಾ ಒಟ್ಟಿಗೇ ಬೀಳ್ತಿರೋದ್ರಿಂದ್ಲೇ ಒಳಗಿರೋರು ತೇಲಾಡ್ತಿರ್ತಾರೆ.

ನಂಬಿಕೆ ಬರ್ಲಿಲ್ವಾ? ಪ್ಲಾಸ್ಟಿಕ್ ಬಾಟಲಿ ತಳದ ಹತ್ರ ಒಂದು ತೂತು ಮಾಡಿ ನೀರು ತುಂಬಿಸಿ, ಮುಚ್ಚಳ ಹಾಕ್ಬೇಡಿ, ನೀರು ಚಿಮ್ತಿರುವಾಗ್ಲೇ ತಾರಸಿಯಿಂದ ಕೈ ಬಿಡಿ (ಕೆಳಗೆ ಯಾರೂ ಇಲ್ಲ ಅಂತ ನೋಡ್ಕೊಳ್ರಪ್ಪಾ). ಬೀಳೋವಷ್ಟು ಹೊತ್ತು ನೀರು ಹೊರಗೆ ಬರೋದೇ ನಿಂತೋಗತ್ತೆ, ಯಾಕಂದ್ರೆ ಬಾಟ್ಲಿನೂ ನೀರೂ ಜೊತೆಗೇ ಬೀಳ್ತಿರ್ತಾವೆ.

ಅಂದಹಾಗೆ 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಸ್ಪೇಸ್ ಸ್ಟೇಷನ್‌ಗೆ ಹೋದಾಗ ನಮ್ಮ ಧಾರವಾಡದ ಕೃಷಿ ವಿವಿಯವರ ಪ್ರಯೋಗಕ್ಕೆ ಹೆಸರುಕಾಳು, ಮೆಂತ್ಯ ಕಾಳೂ ಅಲ್ಲಿಗೆ ಹೋಗಿ ಮೊಳಕೆ ಒಡೆದು ಬಂದ್ವು!