ಸ್ವೀಡನ್‌ನ ಎರಡನೇ ದರ್ಜೆ ಐಸ್ ಹಾಕಿ ಲೀಗ್‌ಗೆ ಜನ ಯಾಕೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆ?

ಸ್ಟಾಕ್‌ಹೋಮ್‌ಗೆ ಹೊಸದಾಗಿ ಬಂದಿದ್ದೀರಿ. ಆಫೀಸಿನಲ್ಲಿ ಊಟಕ್ಕೆ ಕೂತಾಗೆಲ್ಲ ‘ಹಾಕಿಅಲ್‌ಸ್ವೆನ್ಸ್ಕನ್’ ಮಾತು. ಹುಡುಕಿ ನೋಡಿದರೆ ಅದು ಎರಡನೇ ದರ್ಜೆ ಲೀಗ್. ಮೊದಲನೇ ದರ್ಜೆ ಬಿಟ್ಟು ಇದನ್ಯಾಕೆ ನೋಡಬೇಕು, ಒಂದು ಸೀಸನ್ ಹೇಗೆ ನಡೆಯುತ್ತದೆ ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಕೇಳಿಕೊಂಡು ಬಂದವನೇ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಗೊಂದಲ. ಇಲ್ಲಿ ಫುಟ್‌ಬಾಲ್‌ನಲ್ಲಿ ಅಲ್‌ಸ್ವೆನ್ಸ್ಕನ್ ಅಂದರೆ ಮೊದಲನೇ ದರ್ಜೆ. ಐಸ್ ಹಾಕಿಯಲ್ಲಿ ಅದೇ ಹೆಸರು ಎರಡನೇ ದರ್ಜೆಗೆ. ಅದರ ಮೇಲೆ ಇರುವ ಮೊದಲನೇ ದರ್ಜೆ ಲೀಗ್ ಎಸ್‌ಎಚ್‌ಎಲ್. ಇದು ಗೊತ್ತಿಲ್ಲದೆ ನಾನು ಒಂದು ಸಂಜೆಯಿಡೀ ಸಹೋದ್ಯೋಗಿಯೊಬ್ಬನ ಹತ್ತಿರ ತಪ್ಪು ಆಟದ ಬಗ್ಗೆ ಮಾತಾಡಿದ್ದೆ. ಅವನು ಪಾಪ, ಸ್ವೀಡನ್ನಿನವನಲ್ವಾ, ತಿದ್ದಲೇ ಇಲ್ಲ. ತಲೆಯಾಡಿಸುತ್ತಾ ಕಾಫಿ ಕುಡಿದ.

ಲೆಕ್ಕ ಸುಲಭ. 14 ತಂಡ. ಪ್ರತಿ ತಂಡ ಉಳಿದ 13 ತಂಡಗಳ ಜೊತೆ ನಾಲ್ಕು ಸಲ ಆಡುತ್ತದೆ, ಒಟ್ಟು 52 ಪಂದ್ಯ. ಸೆಪ್ಟೆಂಬರ್‌ನಲ್ಲಿ ಶುರುವಾದರೆ ಮಾರ್ಚ್ ತನಕ. 60 ನಿಮಿಷದೊಳಗೆ ಗೆದ್ದರೆ 3 ಪಾಯಿಂಟ್. ಸಮ ಆದರೆ ಎರಡೂ ತಂಡಕ್ಕೆ ಒಂದೊಂದು, ಆಮೇಲೆ ಓವರ್‌ಟೈಮಿನಲ್ಲೋ ಪೆನಾಲ್ಟಿ ಶಾಟ್‌ಗಳಲ್ಲೋ ಗೆದ್ದವರಿಗೆ ಇನ್ನೊಂದು. ಮಾರ್ಚ್ ಆದಮೇಲೆ ಪ್ಲೇಆಫ್. ಕ್ವಾರ್ಟರ್‌ಫೈನಲ್‌ನಿಂದ ಫೈನಲ್ ತನಕ ಪ್ರತಿ ಸುತ್ತೂ ಏಳು ಪಂದ್ಯದ ಸರಣಿ, ನಾಲ್ಕು ಗೆದ್ದವರು ಮುಂದಕ್ಕೆ.

ನಿಜವಾದ ವಿಷಯ ಇರುವುದು ಕೊನೆಯಲ್ಲಿ. ಈ ಲೀಗ್ ಗೆದ್ದ ಒಂದೇ ಒಂದು ತಂಡ ಎಸ್‌ಎಚ್‌ಎಲ್‌ಗೆ ಏರುತ್ತದೆ. ಎರಡನೇ ಸ್ಥಾನಕ್ಕೆ ಏನೂ ಇಲ್ಲ. ಅತ್ತ ಎಸ್‌ಎಚ್‌ಎಲ್‌ನ ಕೊನೆಯ ಎರಡು ತಂಡಗಳು ತಮ್ಮತಮ್ಮಲ್ಲೇ ಏಳು ಪಂದ್ಯದ ಸರಣಿ ಆಡುತ್ತವೆ, ಸೋತದ್ದು ಇಲ್ಲಿಗೆ ಇಳಿಯುತ್ತದೆ. ಐಪಿಎಲ್ ನೋಡಿ ಬೆಳೆದ ನಮಗೆ ಇದು ತಲೆಗೆ ಹತ್ತುವುದು ಸ್ವಲ್ಪ ಕಷ್ಟ. ನಮ್ಮ ಆರ್‌ಸಿಬಿ 17 ಸೀಸನ್ ಕಪ್ ಇಲ್ಲದೆ ಆಡಿತು. ಪಟ್ಟಿಯ ಕೊನೆಗೆ ಬಂದ ವರ್ಷವೂ ಉಂಟು. ಆದರೂ ಮರುವರ್ಷ ಅದೇ ಚಿನ್ನಸ್ವಾಮಿ, ಅದೇ ಎದುರಾಳಿಗಳು, ಅದೇ ‘ಈ ಸಲ ಕಪ್ ನಮ್ದೇ’. ಯಾಕಂದ್ರೆ ಐಪಿಎಲ್‌ಗೆ ಕೆಳಗೊಂದು ಲೀಗ್ ಇಲ್ಲ. ಇಲ್ಲಿ ಹಾಗಲ್ಲ. ಒಂದು ಕೆಟ್ಟ ಸೀಸನ್ ಸಾಕು, ನಿನ್ನೆ ತನಕ ದೊಡ್ಡ ಊರುಗಳ ಜೊತೆ ಆಡುತ್ತಿದ್ದವರು ನಾಳೆ ನೀಬ್ರೂ, ವಿಮ್ಮರ್‌ಬೀಯಂಥ ಊರುಗಳಿಗೆ ಬಸ್ ಹತ್ತಬೇಕು. ಇವೆಲ್ಲ ನಮ್ಮ ತಾಲ್ಲೂಕು ಕೇಂದ್ರಕ್ಕಿಂತ ಚಿಕ್ಕ ಪಟ್ಟಣಗಳು. ಆದರೆ ಅಲ್ಲಿ ಗೆಲ್ಲುವುದು ಸಲೀಸು ಅಂದುಕೊಳ್ಳಬೇಡಿ. ರಾಜಧಾನಿಯ ತಂಡವನ್ನು ಸೋಲಿಸುವುದು ಆ ಊರಿನವರಿಗೆ ಜಾತ್ರೆ.

ಉದಾಹರಣೆಗೆ ಸ್ಟಾಕ್‌ಹೋಮ್‌ನ ತಂಡ ಯೂರ್‌ಗೋರ್ಡೆನ್ ಕಥೆ ಕೇಳಿ. ಬರೆಯುವಾಗ ‘ಡಿ’ಯಿಂದ ಶುರುವಾಗುತ್ತದೆ, ಹೇಳುವಾಗ ಆ ‘ಡಿ’ ಇರುವುದಿಲ್ಲ. 1891ರಲ್ಲಿ ಹುಟ್ಟಿದ ಕ್ಲಬ್. ಸ್ವೀಡನ್ ಚಾಂಪಿಯನ್ ಪಟ್ಟ 16 ಸಲ ಗೆದ್ದಿದೆ. ಬೇರೆ ಯಾವ ತಂಡವೂ ಅಷ್ಟು ಗೆದ್ದಿಲ್ಲ. ಅಂಥದ್ದು 2022ರ ವಸಂತದಲ್ಲಿ ಟಿಮ್ರೊ ಎದುರು ಆ ಕೊನೆಯ ಸರಣಿ ಸೋತು ಕೆಳಗೆ ಬಿತ್ತು. ಒಂದೇ ವರ್ಷದಲ್ಲಿ ವಾಪಸ್ ಹೋಗುತ್ತೇವೆ ಅಂದುಕೊಂಡರು. 2023ರಲ್ಲಿ ಫೈನಲ್‌ಗೆ ಬಂದರು, ಮೋಡೊ ಸೋಲಿಸಿತು. 2024ರಲ್ಲಿ ಮತ್ತೆ ಫೈನಲ್. ಈ ಸಲ ಬ್ರೂನೆಸ್ ಸೋಲಿಸಿತು. ಅದೂ 1960ರಿಂದ ಮೇಲಿನ ಲೀಗಿನಲ್ಲೇ ಇದ್ದು, ಹಿಂದಿನ ವರ್ಷವಷ್ಟೇ ಬಿದ್ದ ತಂಡ. ಎರಡು ವರ್ಷ ನೂರಕ್ಕೂ ಜಾಸ್ತಿ ಪಂದ್ಯ ಆಡಿ, ಬಾಗಿಲ ತನಕ ಹೋಗಿ, ಬರಿಗೈಯಲ್ಲಿ ವಾಪಸ್. ಈ ನೋವಿಗೆ ಎಸ್‌ಎಚ್‌ಎಲ್‌ನಲ್ಲಿ ಸಾಟಿ ಇಲ್ಲ ಅಂತ ನನ್ನ ಅನಿಸಿಕೆ. ಅಲ್ಲಿ ಫೈನಲ್ ಸೋತವರಿಗೆ ಬೆಳ್ಳಿ ಪದಕವಾದರೂ ಸಿಗುತ್ತದೆ.

ನಾನು ಮೊದಲ ಸಲ ಹೋದದ್ದು 2024ರ ನವೆಂಬರ್‌ನಲ್ಲಿ, ಇವರ ಮೂರನೇ ಸೀಸನ್‌ನಲ್ಲಿ. ಶೀಸ್ತಾದಿಂದ (ನಾವೆಲ್ಲ ಮೊದಲು ಕಿಸ್ತಾ ಅಂತಲೇ ಓದಿದವರು) ನೀಲಿ ಮೆಟ್ರೊ ಹಿಡಿದು ಟಿ-ಸೆಂಟ್ರಾಲೆನ್‌ಗೆ, ಅಲ್ಲಿಂದ ಹಸಿರು ಲೈನಿನಲ್ಲಿ ಗುಲ್‌ಮಾರ್ಸ್‌ಪ್ಲಾನ್‌ಗೆ. ಸಂಜೆ ನಾಲ್ಕಕ್ಕೇ ಕತ್ತಲು. ರಾಜ್ಯೋತ್ಸವ ಕಾರ್ಯಕ್ರಮ ಮುಗಿದ ವಾರ ಅದು. ಮಫ್ಲರ್ ಕಾಣಲಿಲ್ಲ ಅಂತ ಹಳದಿ-ಕೆಂಪು ಶಾಲನ್ನೇ ಕುತ್ತಿಗೆಗೆ ಸುತ್ತಿಕೊಂಡು ಹೊರಟಿದ್ದೆ. ಹೋವೆಟ್ ಅಂಗಣದ ಬಾಗಿಲಲ್ಲಿ ಒಬ್ಬ ಹಿರಿಯರು ನನ್ನ ಶಾಲು ನೋಡಿ ಹೆಬ್ಬೆರಳೆತ್ತಿದರು. ಯಾಕೆ ಅಂತ ಒಳಗೆ ಹೋದಮೇಲೆ ಗೊತ್ತಾಯಿತು. ಯೂರ್‌ಗೋರ್ಡೆನ್ ಲಾಂಛನದ ಬಣ್ಣ ಹಳದಿ, ಕೆಂಪು, ನೀಲಿ. ಮೂರರಲ್ಲಿ ಎರಡು ನಮ್ಮವೇ. ತಂಡ ಆರಿಸಿಕೊಳ್ಳುವ ಕೆಲಸ ಅಲ್ಲಿಗೆ ಮುಗಿಯಿತು.

ಹೋವೆಟ್ 1955ರ ಅಂಗಣ. ಆಗ ಅದಕ್ಕೆ ಚಾವಣಿ ಇರಲಿಲ್ಲ, ಆಮೇಲೆ ಹಾಕಿದ್ದು. ಸುಮಾರು ಎಂಟು ಸಾವಿರ ಜನ ಹಿಡಿಯುತ್ತದೆ. ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಒದ್ದೆ ಥಂಡಿ, ಅದರ ಹಿಂದೆಯೇ ಸಾಸೇಜು-ಕಾಫಿಯ ವಾಸನೆ. ಗೋಲಿನ ಹಿಂದೆ ನಿಂತೇ ನೋಡುವ ಜಾಗ ಒಂದಿದೆ. ಅಲ್ಲಿರುವ ಗುಂಪಿಗೆ ‘ಕ್ಲಾಕೆನ್’ ಅನ್ನುತ್ತಾರೆ. ಮೆಟ್ರೊದಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಕೂರದ ಜನ ಇಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿಕೊಂಡು ಹಾಡುತ್ತಾರೆ. ಇದೇ ದೇಶವಾ ಅಂತ ಅನುಮಾನ ಬರುತ್ತದೆ.

ಆಟ ಅರ್ಥವಾಗಲು ಒಂದು ಸಂಜೆ ಸಾಕು. ಪಕ್ (ಚೆಂಡಿನ ಬದಲು ಇರುವ ರಬ್ಬರ್ ಬಿಲ್ಲೆ) ಕಣ್ಣಿಗೆ ಕಾಣದಿದ್ದರೆ ಚಿಂತೆ ಬೇಡ, ಆಟಗಾರರು ಎತ್ತ ತಿರುಗುತ್ತಾರೆ ನೋಡಿ. ಆಟಗಾರರು ಮುಕ್ಕಾಲು ನಿಮಿಷಕ್ಕೊಮ್ಮೆ ಬೇಲಿ ಹಾರಿ ಒಳಗೆ ಹೊರಗೆ ಹೋಗುತ್ತಿರುತ್ತಾರೆ, ಆಟ ನಿಲ್ಲುವುದಿಲ್ಲ. ಯಾರಾದರೂ ತಪ್ಪು ಮಾಡಿದರೆ ಎರಡು ನಿಮಿಷ ಪೆನಾಲ್ಟಿ ಬಾಕ್ಸಿನಲ್ಲಿ ಶಾಲಾ ಮಗುವಿನ ಹಾಗೆ ಕೂರಬೇಕು. ಆ ಎರಡು ನಿಮಿಷ ಒಬ್ಬ ಆಟಗಾರ ಜಾಸ್ತಿ ಇರುವ ಎದುರಾಳಿಗೆ ಪವರ್‌ಪ್ಲೇ. ಹೌದು, ಅದೇ ಪದ. ಕ್ರಿಕೆಟ್‌ಗಿಂತ ಎಷ್ಟೋ ಮೊದಲು ಹಾಕಿಯಲ್ಲಿತ್ತು.

ಎರಡನೇ ದರ್ಜೆ ಅಂದರೆ ಎರಡನೇ ದರ್ಜೆಯ ಆಟಗಾರರು ಅಂತಲೂ ಅಲ್ಲ. ಆ ಸೀಸನ್‌ನಲ್ಲಿ ಯೂರ್‌ಗೋರ್ಡೆನ್‌ಗೆ ಆಡುತ್ತಿದ್ದ ಇಬ್ಬರು ಹುಡುಗರು ಆಂಟನ್ ಫ್ರೋಂಡೆಲ್ ಮತ್ತು ವಿಕ್ಟರ್ ಎಕ್ಲುಂಡ್. ಎನ್‌ಎಚ್‌ಎಲ್ ಅಂದರೆ ಅಮೆರಿಕ-ಕೆನಡಾದ ದೊಡ್ಡ ಲೀಗ್. 2025ರ ಬೇಸಿಗೆಯಲ್ಲಿ ಅದರ ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಫ್ರೋಂಡೆಲ್‌ನನ್ನು ಶಿಕಾಗೊ ಮೂರನೆಯವನಾಗಿ ಆರಿಸಿತು, ಎಕ್ಲುಂಡ್‌ನನ್ನು ನ್ಯೂಯಾರ್ಕ್ ಐಲ್ಯಾಂಡರ್ಸ್ ಹದಿನಾರನೆಯವನಾಗಿ. ಇನ್ನೊಂದು ಕಡೆ ಮಾರ್ಕಸ್ ಕ್ರೂಗರ್. ಶಿಕಾಗೊ ತಂಡದಲ್ಲಿ 2013 ಮತ್ತು 2015ರಲ್ಲಿ ಎನ್‌ಎಚ್‌ಎಲ್‌ನ ಸ್ಟಾನ್ಲಿ ಕಪ್ ಗೆದ್ದವನು. ತನ್ನ ಹಳೆಯ ಕ್ಲಬ್ ಬಿದ್ದಮೇಲೆ ಅದಕ್ಕೇ ವಾಪಸ್ ಬಂದ. ನಾಳೆ ಅಮೆರಿಕಕ್ಕೆ ಹೋಗುವ ಹುಡುಗರು, ಅಲ್ಲಿಂದ ಬಂದ ಹಳಬ, ಒಂದೇ ಬೆಂಚಿನ ಮೇಲೆ. ಇಂಥದ್ದು ಈ ಲೀಗಿನಲ್ಲಿ ಆಗಾಗ ಸಿಗುತ್ತದೆ.

2025ರ ಪ್ಲೇಆಫ್‌ನಲ್ಲಿ ಯೂರ್‌ಗೋರ್ಡೆನ್ ಮೂರನೇ ಸಲ ಫೈನಲ್ ತಲುಪಿತು. ಎದುರಿಗೆ ಬಂದದ್ದು ಎಐಕೆ. ಅದೂ ಸ್ಟಾಕ್‌ಹೋಮ್‌ನದೇ, ಅದೂ 1891ರಲ್ಲೇ ಹುಟ್ಟಿದ್ದು, ಅದಕ್ಕೇ ಇವರ ಪಂದ್ಯಕ್ಕೆ ‘ಅವಳಿ ಡರ್ಬಿ’ ಅನ್ನುತ್ತಾರೆ. ಎರಡೂ ತಂಡದ ಮನೆ ಒಂದೇ, ಹೋವೆಟ್. ಅಂದರೆ ‘ಹೊರಗಿನ’ ಪಂದ್ಯಕ್ಕೂ ಇಳಿಯಬೇಕಾದದ್ದು ಅದೇ ಸ್ಟೇಷನ್, ಆಡಬೇಕಾದದ್ದು ಅದೇ ಐಸ್ ಮೇಲೆ. ಆ ಮನೆಯಿಂದ ಮೇಲಕ್ಕೆ ಹೋಗಲು ಒಬ್ಬರಿಗೆ ಮಾತ್ರ ದಾರಿ.

ನನಗೆ ಟಿಕೆಟ್ ಸಿಗಲಿಲ್ಲ. ಕೊನೆಯ ಪಂದ್ಯವನ್ನು ಪಕ್ಕದ ಮನೆಯವರ ಟಿವಿಯಲ್ಲಿ ನೋಡಿದೆ. ಆ ಮನೆಯ ಅಜ್ಜ ಎಐಕೆ ಭಕ್ತರು. ಕಪ್ಪು-ಹಳದಿ ಸ್ಕಾರ್ಫ್ ಹಾಕಿಕೊಂಡು ಕೂತಿದ್ದರು. ನಾನು ಶಾಲನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ, ಅಷ್ಟು ಬುದ್ಧಿ ಇತ್ತು. ಮೊದಲ ವಿರಾಮದಲ್ಲಿ ಅವರು 2014ರ ಕಥೆ ಹೇಳಿದರು. ಆಗ ಮೇಲೆ-ಕೆಳಗೆ ತೀರ್ಮಾನಿಸಲು ಆರು ತಂಡಗಳ ‘ಕ್ವಾಲ್‌ಸೇರಿಯೆನ್’ ಅಂತ ಒಂದು ಸುತ್ತು ಇತ್ತು. ಆ ವಸಂತ ಒಂದೇ ಸುತ್ತಿನಲ್ಲಿ ಯೂರ್‌ಗೋರ್ಡೆನ್ ಮೇಲೆ ಹೋಯಿತು, ಎಐಕೆ ಕೆಳಗೆ ಬಂತು. ಅವತ್ತಿನಿಂದ ಎಐಕೆ ಮತ್ತೆ ಮೇಲೆ ಹತ್ತಿರಲಿಲ್ಲ. ಹನ್ನೊಂದು ವರ್ಷ. ಇದನ್ನು ಅವರು ಯಾವುದೋ ನೆಂಟರ ಆಸ್ತಿ ವ್ಯಾಜ್ಯ ಹೇಳುವ ಹಾಗೆ ಹೇಳಿದರು, ಇಸವಿ ಒಂದೂ ತಪ್ಪದೆ.

ಅವತ್ತೂ ಯೂರ್‌ಗೋರ್ಡೆನ್ ಗೆದ್ದಿತು. ಟಿವಿಯಲ್ಲಿ ಜನ ಅಳುತ್ತಾ ಕುಣಿಯುತ್ತಿದ್ದರು. ಅಜ್ಜ ಸ್ಕಾರ್ಫ್ ತೆಗೆದು ನಾಲ್ಕು ಮಡಿಕೆ ಮಾಡಿ ಕುರ್ಚಿ ಬೆನ್ನಿಗೆ ಹಾಕಿದರು. ಕಾಫಿ ಕಪ್ಪು ಎತ್ತಿಕೊಂಡು ಸಿಂಕ್ ಹತ್ತಿರ ಹೋದರು. ನಾನು ಒಳಗೊಳಗೇ ಖುಷಿಪಡುತ್ತಾ, ಮುಖ ಸಪ್ಪೆ ಮಾಡಿಕೊಂಡು, ತೊಳೆದ ಕಪ್ಪು ಒರೆಸಿಕೊಟ್ಟೆ. ಎರಡು ತಿಂಗಳಲ್ಲಿ, ಜೂನ್ 3ಕ್ಕೆ, ಆರ್‌ಸಿಬಿಯೂ ಗೆದ್ದಿತು ನೋಡಿ. ನಾನು ಹಿಡಿದ ಎರಡು ತಂಡ ಒಂದೇ ವರ್ಷ ಗೆದ್ದದ್ದು ಅದೇ ಮೊದಲು. ಮತ್ತೆ ಆಗುವ ನಂಬಿಕೆ ನನಗಿಲ್ಲ.

ಯೂರ್‌ಗೋರ್ಡೆನ್ ಮೇಲೆ ಹೋದ ಅದೇ ವಸಂತದಲ್ಲಿ ಎಸ್‌ಎಚ್‌ಎಲ್‌ನಿಂದ ಇಳಿದದ್ದು ಮೋಡೊ, ಎರಡು ವರ್ಷದ ಹಿಂದೆ ಇವರನ್ನೇ ಸೋಲಿಸಿ ಏರಿದ್ದ ತಂಡ. ಎನ್‌ಎಚ್‌ಎಲ್‌ನಲ್ಲಿ ಹೆಸರು ಮಾಡಿದ ಪೀಟರ್ ಫೋರ್ಸ್‌ಬರ್ಗ್, ಸೆದೀನ್ ಅವಳಿ ಸಹೋದರರು ಬೆಳೆದ ಕ್ಲಬ್ ಅದು. ಈಗ ನಿಮ್ಮ ವಿಷಯಕ್ಕೆ ಬರೋಣ. ನೀವು ಮೊದಲ ಸಲ ಹೋಗುವುದಾದರೆ ಹೋವೆಟ್‌ನಲ್ಲಿ ಎಐಕೆ ಪಂದ್ಯವೊಂದಕ್ಕೆ ಹೋಗಿ. ವಾರದ ನಡುವಿನದಾದರೆ ಸೀಟು ಸುಲಭವಾಗಿ ಸಿಗುತ್ತದೆ. ಗೋಲಿನ ಹಿಂದೆ ಬೇಡ, ಉದ್ದದ ಬದಿಯಲ್ಲಿ ಸ್ವಲ್ಪ ಮೇಲೆ ಕೂತರೆ ಪಕ್ ಕಾಣುತ್ತದೆ. ಒಳಗೂ ಚಳಿ, ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿ. ಸಸ್ಯಾಹಾರಿಯಾದರೆ ಮನೆಯಲ್ಲೇ ಊಟ ಮುಗಿಸಿ ಹೊರಡಿ. ಮತ್ತೆ, ಎಐಕೆ ಕಡೆ ಕೂರುವುದಾದರೆ ದಯವಿಟ್ಟು ಹಳದಿ-ಕೆಂಪು ಶಾಲು ಬೇಡ.