ಪದೇ ಪದೇ ಹೊಟ್ಟೆನೋವೆಂದು ಬರುವ ಮಗುವನ್ನು ಶಾಲಾ ನರ್ಸ್ ನಂಬುತ್ತಾರೆಯೇ?

ನಿಮ್ಮ ಮಗಳು ಹೊಟ್ಟೆನೋವೆಂದು ಆಗಾಗ ಶಾಲೆಯ ಆರೋಗ್ಯ ಕೊಠಡಿಗೆ ಹೋಗುತ್ತಾಳೆ, ಅಲ್ಲಿನ ನರ್ಸ್ ಅವಳದು ಬರೀ ನೆಪ ಎಂದುಕೊಂಡಿರಬಹುದೇ ಎಂದು ಕೇಳಿದ್ದೀರಿ. ನಾನೂ ಶಾಲಾ ನರ್ಸ್. ನಾನಂತೂ ನಂಬುತ್ತೇನೆ. ನೋವು ಎಂದು ಬಂದ ಮಗುವನ್ನು ಅನುಮಾನದಿಂದ ನೋಡಿದರೆ, ನಿಜವಾಗಿ ಹೇಳಲೇಬೇಕಾದದ್ದನ್ನು ಅದು ಮುಂದೆಂದೂ ನಮ್ಮ ಬಳಿ ಹೇಳುವುದಿಲ್ಲ.

ಆತಂಕದಿಂದ ಬರುವ ಹೊಟ್ಟೆನೋವೂ ನೋವೇ. ಮೆದುಳಿಗೂ ಕರುಳಿಗೂ ನರಗಳ ನಂಟಿದೆ. ಹೆದರಿದಾಗ ಹೊಟ್ಟೆ ಹಿಂಡುವುದು ಕಲ್ಪನೆಯಲ್ಲ. ಹಾಗೆಂದು ಎಲ್ಲವನ್ನೂ ಆತಂಕದ ತಲೆಗೆ ಕಟ್ಟುವಂತಿಲ್ಲ. ಮೊದಲು ಜ್ವರ ನೋಡುತ್ತೇನೆ. ವಾಂತಿಯಾಯಿತೇ, ಬೆಳಿಗ್ಗೆ ಏನಾದರೂ ತಿಂದೆಯಾ, ಮಲಬದ್ಧತೆ ಇದೆಯೇ, ದೊಡ್ಡ ಹುಡುಗಿಯಾದರೆ ಮುಟ್ಟಿನ ನೋವೇ ಎಂದು ವಿಚಾರಿಸುತ್ತೇನೆ. ಆಮೇಲೆ, ‘ಎಲ್ಲಿ ನೋವು, ಒಂದೇ ಬೆರಳಿನಲ್ಲಿ ತೋರಿಸು ಪುಟ್ಟಾ’ ಎನ್ನುತ್ತೇನೆ. ಹೊಕ್ಕುಳ ಸುತ್ತ ಅಂಗೈ ಆಡಿಸುವ ಮಕ್ಕಳೇ ಹೆಚ್ಚು. ಬಲಗಡೆ ಕೆಳಹೊಟ್ಟೆಯ ಒಂದೇ ಜಾಗವನ್ನು ತೋರಿಸಿ, ಒಂದು ಹೆಜ್ಜೆ ಕುಪ್ಪಳಿಸಲೂ ಆಗದೆ ಮುಖ ಕಿವುಚುವ ಮಗು ಬಂದರೆ ನನ್ನ ಎದೆ ಧಸಕ್ಕೆನ್ನುತ್ತದೆ. ಅದು ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಪುಟ್ಟ ಬಾಲದಂಥ ಭಾಗದ ಉರಿಯೂತ, ಆಗಿರಬಹುದು. ತಕ್ಷಣ ಮನೆಗೆ ಫೋನು, ಅಲ್ಲಿಂದ ಆಸ್ಪತ್ರೆ.

ಅಂಥದ್ದೇನೂ ಕಾಣದಿದ್ದಾಗ ಮಾತಿಗೆಳೆಯುತ್ತೇನೆ. ಎದುರಿಗೆ ಕೂರಿಸಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಥರ್ಮಾಮೀಟರ್ ಒರೆಸುತ್ತಾ, ‘ಈಗ ಯಾವ ಪಾಠ ನಡೆಯುತ್ತಿದೆ?’ ಎಂದಷ್ಟೇ ಕೇಳಿ ಸುಮ್ಮನಾಗುತ್ತೇನೆ. ‘ಎದ್ದು ನಿಂತು ಗಟ್ಟಿಯಾಗಿ ಓದಬೇಕು’ ಎಂಬ ಉತ್ತರ ಒಮ್ಮೊಮ್ಮೆ ತಾನಾಗಿಯೇ ಬರುತ್ತದೆ. ಬಂದ ಹೊತ್ತನ್ನು ಪ್ರತಿಸಲ ದಾಖಲೆ ಪುಸ್ತಕದಲ್ಲಿ ಬರೆದಿಡುವುದೂ ಇದಕ್ಕೇ. ಯಾವಾಗಲೂ ಊಟದ ಬಿಡುವಿನಲ್ಲೇ ಬರುವ ಮಗುವಿಗೆ ಜೊತೆಗೆ ಕೂರುವವರು ಇಲ್ಲದಿರಬಹುದು, ಇಲ್ಲವೇ ಕಾಡುವವರು ಇರಬಹುದು.

‘ಯಾರಿಗೂ ಹೇಳಬೇಡಿ ಮಿಸ್’ ಎಂದು ಮಕ್ಕಳು ಗೋಗರೆಯುವುದುಂಟು. ಆ ಮಾತನ್ನು ಮಾತ್ರ ಕೊಡುವುದಿಲ್ಲ. ‘ನಿನಗೆ ಅಪಾಯವಿದೆ ಅನ್ನಿಸಿದರೆ ಹೇಳಲೇಬೇಕಾಗುತ್ತದೆ, ಆದರೆ ಯಾರಿಗೆ ಹೇಳುತ್ತೇನೆಂದು ಮೊದಲು ನಿನಗೇ ತಿಳಿಸುತ್ತೇನೆ’ ಎನ್ನುತ್ತೇನೆ. ಮಕ್ಕಳು ಇದನ್ನು ನಾವೆಣಿಸುವುದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಾರೆ.

ಸ್ವಲ್ಪ ಹೊತ್ತು ಮಲಗಿ, ನಿಧಾನವಾಗಿ ಉಸಿರಾಡಿ ಸುಧಾರಿಸಿಕೊಂಡ ಮೇಲೆ ತರಗತಿಯ ಬಾಗಿಲವರೆಗೆ ಜೊತೆಗೇ ಹೋಗಿ ಬಿಟ್ಟು ಬರುತ್ತೇನೆ. ಪ್ರತಿಸಲ ಮನೆಗೆ ಕಳಿಸಿದರೆ ಹೆದರಿಕೆ ಬೇರೂರುತ್ತದೆ. ಕನಿಕರಕ್ಕೆ ಬಿದ್ದು ಕಳಿಸಿಬಿಡುವುದು ನನ್ನ ದೃಷ್ಟಿಯಲ್ಲಿ ಉಪಕಾರವಲ್ಲ.

ನೀವು ಆ ನರ್ಸ್ ಅವರನ್ನು ಕಂಡು, ಮಗಳು ಯಾವ ಯಾವ ದಿನ, ಯಾವ ಹೊತ್ತಿಗೆ ಬಂದಿದ್ದಳೆಂದು ಕೇಳಿ. ನೋವಿಗೆ ರಾತ್ರಿ ನಿದ್ದೆಯಿಂದ ಎಚ್ಚರವಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಅಥವಾ ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸಂಜೆ ಅವಳು ಮನೆಗೆ ಬಂದಾಗ ‘ಇವತ್ತೂ ಹೋಗಿದ್ದೆಯಾ?’ ಎಂದು ಮಾತ್ರ ದಯವಿಟ್ಟು ಕೇಳಬೇಡಿ.