ಕೈ ನೋಡಬೇಡಿ, ಕಾಲು ನೋಡಿ: ಅಮೆರಿಕನ್ ಫುಟ್‌ಬಾಲ್ ಪ್ರಶ್ನೋತ್ತರ

ಹೊಸ ಸೀಸನ್ ಹತ್ತಿರ ಬಂದ ಹಾಗೆಲ್ಲ ಈ ಅಂಕಣಕ್ಕೆ ಮೊಟ್ಟೆ ಚೆಂಡಿನ ಪ್ರಶ್ನೆಗಳು ಹೆಚ್ಚುತ್ತಿವೆ, ಅದರಲ್ಲೂ ಮೈಸೂರು–ಮಂಡ್ಯ ಕಡೆಯಿಂದ. ಹೊಸಬರಿಗೆ ಆಟದ ಪರಿಚಯ ಎರಡೇ ಮಾತಿನಲ್ಲಿ: ತಂಡಕ್ಕೆ ಹನ್ನೊಂದು ಜನ. ಡೌನ್ ಅನ್ನುವ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಸಾಗಿದರೆ ಮತ್ತೆ ನಾಲ್ಕು ಯತ್ನ ಸಿಗುತ್ತವೆ, ಸಾಗದಿದ್ದರೆ ಚೆಂಡು ಎದುರಾಳಿಯದು. ಗೆರೆ ದಾಟಿಸಿದರೆ, ಅಂದರೆ ಟಚ್‌ಡೌನ್ ಆದರೆ, ಆರು ಅಂಕ, ಕಂಬಗಳ ನಡುವೆ ಒದ್ದರೆ ಮೂರು. ಚೆಂಡು ಮೊದಲು ಕೈಗೆ ಬರುವುದು ಕ್ವಾರ್ಟರ್‌ಬ್ಯಾಕ್‌ಗೆ. ಅದನ್ನು ಎಸೆಯಬೇಕೋ, ಬೇರೆಯವನ ಕೈಗೆ ಕೊಡಬೇಕೋ, ತಾನೇ ಓಡಬೇಕೋ ಅನ್ನುವುದು ಅವನ ತಲೆನೋವು.

ಅರವತ್ತು ಗಜ ಎಸೆಯುವವನೇ ದೊಡ್ಡ ಕ್ವಾರ್ಟರ್‌ಬ್ಯಾಕ್ ಅಂತ ನನ್ನ ಮಗ ಹಟ ಹಿಡಿದಿದ್ದಾನೆ. ಟಿ.ವಿ. ಮುಂದೆ ಕೂತವರು ಒಳ್ಳೆಯವನನ್ನು ಗುರುತಿಸೋದು ಹೇಗೆ?
— ಸರಸ್ವತಿಪುರಂ, ಮೈಸೂರು

ಅಂಥ ಎಸೆತ ಇಡೀ ಪಂದ್ಯದಲ್ಲಿ ಒಂದು ಬಂದರೆ ಹೆಚ್ಚು. ಮಿಕ್ಕಿದ್ದರಲ್ಲಿ ಬಹುಪಾಲು ಹದಿನೈದು ಗಜದೊಳಗೆ ಮುಗಿಯುತ್ತವೆ. ಮಗನ ಕಣ್ಣನ್ನು ಚೆಂಡಿನಿಂದ ಬಿಡಿಸಿ ಆಟಗಾರನ ಕಾಲಿನ ಮೇಲೆ ಇಡಿಸಿ.

ಮುಂಸಾಲಿನ ನಡುವಿನ ಆಟಗಾರ, ಅಂದರೆ ಸೆಂಟರ್, ಕಾಲ ಸಂದಿಯಿಂದ ಚೆಂಡು ಹಿಂದಕ್ಕೆ ಕೊಡುವ ಕ್ಷಣವೇ ಸ್ನ್ಯಾಪ್. ಅಲ್ಲಿಂದ ಕ್ವಾರ್ಟರ್‌ಬ್ಯಾಕ್ ಮೂರು, ಐದು ಇಲ್ಲವೇ ಏಳು ಹೆಜ್ಜೆ ಹಿಂದೆ ಸರಿಯುತ್ತಾನೆ. ಇದು ಭಯಪಟ್ಟು ಸರಿಯುವುದಲ್ಲ, ಗಡಿಯಾರ. ಚೆಂಡು ಹಿಡಿಯಲು ಮುಂದೆ ಹೋಗುವವನದು ಮೂರು ಹೆಜ್ಜೆಗೆ ಐದಾರು ಗಜದ ಓಟ, ಐದು ಹೆಜ್ಜೆಗೆ ಹತ್ತು–ಹನ್ನೆರಡು ಗಜದಲ್ಲಿ ತಿರುಗುವ ಓಟ, ಏಳಕ್ಕೆ ದೂರದ್ದು. ಮೊದಲೇ ಐದು ಗಜ ಹಿಂದೆ ನಿಂತು ಚೆಂಡು ಪಡೆಯುವ ಶಾಟ್‌ಗನ್ ಆದರೆ ಪ್ರತಿಯೊಂದರಲ್ಲೂ ಎರಡು ಹೆಜ್ಜೆ ಕಳೆಯಿರಿ. ಕೊನೆಯ ಹೆಜ್ಜೆ ಊರಿದ ತಕ್ಷಣ ಮೊದಲ ಓಟಗಾರನಿಗೆ ಚೆಂಡು ಹೋಗಬೇಕು. ಅವನನ್ನು ಯಾರೋ ಮುಚ್ಚಿದ್ದರೆ ಸಣ್ಣದೊಂದು ಹೆಜ್ಜೆ ಮುಂದಕ್ಕಿಟ್ಟು ಎರಡನೆಯವನತ್ತ, ಇನ್ನೊಂದಿಟ್ಟು ಮೂರನೆಯವನತ್ತ. ಕಣ್ಣು ಹೊರಳಿದ ಕಡೆ ಪಾದವೂ ಹೊರಳಬೇಕು. ಇದೆಲ್ಲಕ್ಕೂ ಸೇರಿ ಸಿಗುವುದು ಎರಡೂವರೆಯಿಂದ ಮೂರು ಸೆಕೆಂಡು. ಹೆಜ್ಜೆ ಮುಗಿದ ಮೇಲೂ ಪುಟಪುಟ ಕುಣಿಯುತ್ತಿದ್ದರೆ ಅವನಿಗೆ ಎಲ್ಲಿಗೆ ಎಸೆಯಬೇಕೆಂದು ತಿಳಿದಿಲ್ಲ ಎಂದೇ ಅರ್ಥ, ಕೈ ಎಷ್ಟೇ ಗಟ್ಟಿ ಇರಲಿ.

ಸ್ನ್ಯಾಪ್‌ಗೆ ಮುಂಚೆ ಇನ್ನೊಂದು ಕೆಲಸ ಮಾಡಿ. ಎದುರಾಳಿಯ ಕಟ್ಟಕಡೆಯ ಕಾವಲುಗಾರರನ್ನು, ಅಂದರೆ ಸೇಫ್ಟಿಗಳನ್ನು ಎಣಿಸಿ. ನಡುವೆ ಒಬ್ಬನೇ ಆಳದಲ್ಲಿದ್ದರೆ ಅಂಚುಗಳಲ್ಲಿ ಜಾಗ ಇರುತ್ತದೆ, ಇಬ್ಬರಿದ್ದರೆ ನಡುಮಧ್ಯೆ. ಇಬ್ಬರಂತೆ ನಿಂತು ಸ್ನ್ಯಾಪ್ ಆದ ಕೂಡಲೇ ಒಬ್ಬ ಮುಂದೆ ನುಗ್ಗುವುದು ಮಾಮೂಲಿ ಮೋಸ. ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅದನ್ನು ಮೊದಲ ಹೆಜ್ಜೆಯಲ್ಲೇ ಹಿಡಿಯುತ್ತಾನೆ, ಸಾಧಾರಣದವನಿಗೆ ಚೆಂಡು ಕೈಬಿಟ್ಟ ಮೇಲೆ ಗೊತ್ತಾಗುತ್ತದೆ. ಟಿ.ವಿ. ಕ್ಯಾಮೆರಾ ಸೇಫ್ಟಿಗಳನ್ನು ಎಷ್ಟೋ ಸಲ ಚೌಕಟ್ಟಿನಿಂದ ಹೊರಗೇ ಬಿಡುತ್ತದೆ. ಆಗ ರೀಪ್ಲೇ ಕಾಯಬೇಕು, ಬೇರೆ ದಾರಿಯಿಲ್ಲ.

ಪಾಸರ್ ರೇಟಿಂಗ್ ಗರಿಷ್ಠ 158.3 ಅಂತೆ. ನೂರಕ್ಕೆ ನೂರು ಇಡದೆ ಇದೆಂಥ ಲೆಕ್ಕ?
— ಮಂಡ್ಯ

ಎಸೆತಗಾರನನ್ನು ಅಳೆಯಲು 1973ರಿಂದ ನಡೆದುಬಂದ ಲೆಕ್ಕ. ನಾಲ್ಕು ಭಾಗ ಇವೆ, ಪ್ರತಿ ಭಾಗಕ್ಕೂ ಸೊನ್ನೆಯಿಂದ 2.375ರವರೆಗೆ ಮಾತ್ರ. ನಾಲ್ಕನ್ನೂ ಕೂಡಿಸಿ, ಆರರಿಂದ ಭಾಗಿಸಿ, ನೂರರಿಂದ ಗುಣಿಸುವುದು. 2.375 ಇಂಟು 4 ಅಂದರೆ 9.5, ಅಲ್ಲಿಂದ 158.3.

ಒಬ್ಬ 30 ಎಸೆದು 20 ಕೈಸೇರಿಸಿ 240 ಗಜ, 2 ಟಚ್‌ಡೌನ್, 1 ಇಂಟರ್‌ಸೆಪ್ಷನ್ (ಎಸೆದದ್ದು ಎದುರಾಳಿಯ ಕೈಗೆ) ಮಾಡಿದ ಅಂದುಕೊಳ್ಳಿ. ಕೈಸೇರಿದ್ದು ಶೇ. 66.67, ಅದರಲ್ಲಿ 30 ಕಳೆದು 0.05ರಿಂದ ಗುಣಿಸಿದರೆ 1.833. ಎಸೆತಕ್ಕೆ 8 ಗಜ. 3 ಕಳೆದು 0.25ರಿಂದ ಗುಣಿಸಿದರೆ 1.25. ಟಚ್‌ಡೌನ್ ಶೇ. 6.67 ಇಂಟು 0.2 ಅಂದರೆ 1.333. ಇಂಟರ್‌ಸೆಪ್ಷನ್ ಶೇ. 3.33 ಇಂಟು 0.25 ಅಂದರೆ 0.833, ಅದನ್ನು 2.375ರಿಂದ ಕಳೆದರೆ 1.542. ಒಟ್ಟು 5.958. ರೇಟಿಂಗ್ 99.3. ಒಳ್ಳೆಯ ಪಂದ್ಯವೇ.

ಆದರೆ ಈ ಲೆಕ್ಕಕ್ಕೆ ಎರಡು ಕಣ್ಣೂ ಮಂಜು. ಚೆಂಡು ಹಿಡಿದುಕೊಂಡೇ ನೆಲಕ್ಕೆ ಬಿದ್ದರೆ, ಅಂದರೆ ಸ್ಯಾಕ್ ಆದರೆ, ಇದರಲ್ಲಿ ಒಂದು ಚುಕ್ಕಿಯೂ ಕಡಿಮೆಯಾಗುವುದಿಲ್ಲ. ಓಡಿ ಗಳಿಸಿದ ಗಜಕ್ಕೂ ಬೆಲೆಯಿಲ್ಲ. ಐದು ಸಲ ಸ್ಯಾಕ್ ಆಗಿ ತಂಡವನ್ನು ಮೂವತ್ತು ಗಜ ಹಿಂದಕ್ಕೆ ಎಳೆದವನೂ ಈ ಕಾಗದದ ಮೇಲೆ ಶೂರನಾಗಿಯೇ ಕಾಣುತ್ತಾನೆ.

ಚೆಂಡು ತರಿಸಿಕೊಂಡಿದ್ದೇವೆ. ಎಸೆದರೆ ಗಾಳಿಯಲ್ಲಿ ಬಾತುಕೋಳಿ ತರಹ ಒದ್ದಾಡುತ್ತದೆ. ಟಿ.ವಿ.ಯಲ್ಲಿ ಹೋಗೋ ಹಾಗೆ ಬುಗುರಿಯಂತೆ ತಿರುಗೋದೇ ಇಲ್ಲ.
— ಶ್ರೀರಂಗಪಟ್ಟಣ

ಕ್ರಿಕೆಟ್ ಆಡಿ ಬೆಳೆದ ಕೈಯ ತೊಂದರೆ ಇದು. ಬೌಂಡರಿಯಿಂದ ಎಸೆಯುವಾಗ ನಾವು ಚೆಂಡನ್ನು ಅಂಗೈಗೆ ಒತ್ತಿಕೊಳ್ಳುತ್ತೇವೆ, ಮೊಣಕೈಯನ್ನು ಪಕ್ಕಕ್ಕೆ ಬೀಳಲು ಬಿಡುತ್ತೇವೆ. ಇಲ್ಲಿ ಎರಡೂ ನಡೆಯುವುದಿಲ್ಲ.

ಮೊದಲು ಅಳತೆ ಸರಿಯಿದೆಯೇ ನೋಡಿ. ದೊಡ್ಡವರ ಚೆಂಡು ಸುಮಾರು 28 ಸೆಂ.ಮೀ. ಉದ್ದ, 400ರಿಂದ 425 ಗ್ರಾಂ ತೂಕ, ಗಾಳಿ 12.5ರಿಂದ 13.5 ಪಿಎಸ್‌ಐ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಜೂನಿಯರ್ ಅಳತೆ, ಹನ್ನೆರಡರಿಂದ ಹದಿನಾಲ್ಕಕ್ಕೆ ಯೂತ್. ಸಣ್ಣ ಕೈಗೆ ದೊಡ್ಡ ಚೆಂಡು ಕೊಟ್ಟರೆ ಮಗು ಅಂಗೈಯಿಂದಲೇ ಹಿಡಿಯಬೇಕಾಗುತ್ತದೆ, ಆ ಅಭ್ಯಾಸ ಆಮೇಲೆ ಬಿಡುವುದಿಲ್ಲ.

ಈಗ ಹಿಡಿತ. ಉಂಗುರ ಬೆರಳು, ಕಿರುಬೆರಳು ಲೇಸಿನ, ಅಂದರೆ ಚೆಂಡಿನ ಮೇಲಿನ ಉಬ್ಬು ಹೊಲಿಗೆಯ ಮೇಲೆ. ತೋರುಬೆರಳು ಲೇಸಿನಿಂದ ಹೊರಗೆ, ಚೆಂಡಿನ ತುದಿಯ ಕಡೆಗೆ. ಹೆಬ್ಬೆರಳು ಕೆಳಗೆ. ಅಂಗೈಗೂ ಚೆಂಡಿಗೂ ನಡುವೆ ಬೆಳಕು ಕಾಣಬೇಕು. ಚೆಂಡನ್ನು ಕಿವಿಯ ಮಟ್ಟಕ್ಕೆ ತನ್ನಿ, ಮೊಣಕೈ ಭುಜಕ್ಕಿಂತ ಕೆಳಗಿಳಿಯದಿರಲಿ, ಎಡಗಾಲು ಗುರಿಯತ್ತ ಊರಲಿ, ಸೊಂಟ ಮೊದಲು ತಿರುಗಲಿ, ಕೈ ಹಿಂದೆ ಬರಲಿ. ಕಿರುಬೆರಳು ಮೊದಲು ಬಿಡುತ್ತದೆ, ತೋರುಬೆರಳು ಕೊನೆಗೆ. ಎಸೆದು ಮುಗಿದಾಗ ಹೆಬ್ಬೆರಳು ನೆಲ ನೋಡುತ್ತಿರಬೇಕು.

ಬಲಗೈಯವರು ಎಸೆದ ಚೆಂಡು ಎಸೆದವರ ಕಣ್ಣಿಗೆ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ. ಹಾಗೆ ತಿರುಗದೆ ಓಲಾಡಿದರೆ ನೀವು ಲೆಗ್‌ಸ್ಪಿನ್ನರ್ ಹಾಗೆ ಮಣಿಕಟ್ಟು ತಿರುಚುತ್ತಿದ್ದೀರಿ. ತಿರುಗಿಸುವ ಕೆಲಸ ಬೆರಳಿನದು, ಮಣಿಕಟ್ಟಿನದಲ್ಲ. ಮೂತಿ ಮೇಲೆತ್ತಿಕೊಂಡು ಹೋಗಿ ದೊಪ್ಪನೆ ಬಿದ್ದರೆ ಬೇಗ ಬಿಟ್ಟಿದ್ದೀರಿ. ಬಲ ಮಂಡಿ ಊರಿ ಕೂತು ಕ್ರಿಕೆಟ್ ಪಿಚ್ಚಿನ ಅರ್ಧ ದೂರಕ್ಕೆ ದಿನಾ ಇಪ್ಪತ್ತು ಎಸೆತ ಎಸೆಯಿರಿ. ಕಾಲಿನ ಬಲ ಇಲ್ಲದಾಗ ಕೈಯ ತಪ್ಪು ತಾನಾಗಿ ಎದ್ದು ಕಾಣುತ್ತದೆ. ಅದು ಸರಿಹೋದ ಮೇಲೆ ಪಿಚ್ಚಿನ ಪೂರ್ತಿ ಉದ್ದಕ್ಕೆ, 22 ಗಜಕ್ಕೆ ಹೋಗಿ.

ಟಾಮ್ ಬ್ರೇಡಿ ದೊಡ್ಡವರೋ, ಅವರ ಕೋಚ್ ಬಿಲ್ ಬೆಲಿಚಿಕ್ ದೊಡ್ಡವರೋ?
— ನಂಜನಗೂಡು

ಕ್ವಾರ್ಟರ್‌ಬ್ಯಾಕ್ ಬ್ರೇಡಿಯೇ. ಇಬ್ಬರೂ ಜೊತೆಯಾಗಿ ಪೇಟ್ರಿಯಟ್ಸ್ ತಂಡಕ್ಕೆ ಆರು ಸೂಪರ್ ಬೌಲ್, ಅಂದರೆ ಸೀಸನ್ನಿನ ಫೈನಲ್, ಗೆದ್ದುಕೊಟ್ಟರು. 2020ರಲ್ಲಿ ಬೇರಾದರು. ಬ್ರೇಡಿ ಟ್ಯಾಂಪಾ ತಂಡಕ್ಕೆ ಹೋದ ಮೊದಲ ವರ್ಷವೇ ಏಳನೆಯದನ್ನು ಗೆದ್ದರು, ಫೈನಲ್‌ನಲ್ಲಿ 31–9. ಅದೇ ವರ್ಷ ಬೆಲಿಚಿಕ್ ತಂಡ 7 ಗೆದ್ದು 9 ಸೋತಿತು. 2023ರಲ್ಲಿ 4 ಗೆಲುವು, 13 ಸೋಲು; ಅಲ್ಲಿಗೆ ಆ ತಂಡದ ಜೊತೆ ಅವರ ಋಣ ತೀರಿತು.

ಆದರೂ ಕೋಚ್‌ಗೆ ಸಲ್ಲಬೇಕಾದ್ದು ಸಲ್ಲಲಿ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ; ಬ್ರೇಡಿ 2000ರ ಡ್ರಾಫ್ಟ್‌ನಲ್ಲಿ 199ನೆಯವರಾಗಿ ಬಂದವರು. 2001ರಲ್ಲಿ ಡ್ರೂ ಬ್ಲೆಡ್ಸೋ ಗಾಯಗೊಂಡಾಗ ಜಾಗ ಸಿಕ್ಕಿತು. ಬ್ಲೆಡ್ಸೋ ಗುಣವಾಗಿ ಬಂದ ಮೇಲೂ ಬೆಲಿಚಿಕ್ ಬ್ರೇಡಿಯನ್ನು ಇಳಿಸಲಿಲ್ಲ. ದೊಡ್ಡ ಸಂಬಳದ, ಹೆಸರು ಮಾಡಿದ ಆಟಗಾರನನ್ನು ಬೆಂಚಿಗೆ ಕೂರಿಸುವುದು ಸುಲಭದ ಮಾತಲ್ಲ.

ಕೋಚ್ ಕೆಲಸ ನಿಜಕ್ಕೂ ಎಲ್ಲಿರುತ್ತದೆ ಎಂಬುದಕ್ಕೆ ನಾವು ಬಿಲ್ ವಾಲ್ಷ್ ಅವರತ್ತ ಬೆರಳು ತೋರಿಸುತ್ತೇವೆ. 49ಅರ್ಸ್ ತಂಡದಲ್ಲಿ ಅವರು ಪಂದ್ಯಕ್ಕೆ ಮೊದಲೇ ಆರಂಭದ ಹದಿನೈದು–ಇಪ್ಪತ್ತು ನಡೆಗಳನ್ನು ಬರೆದಿಟ್ಟುಬಿಡುತ್ತಿದ್ದರು. ಗದ್ದಲದಲ್ಲಿ ತಲೆ ಓಡುವುದಿಲ್ಲ, ಅದಕ್ಕೆ ಶಾಂತವಾಗಿದ್ದಾಗಲೇ ಯೋಚಿಸಿಡುವುದು. ಜೊತೆಗೆ ಎದುರಾಳಿ ಯಾವ ನಡೆಗೆ ಹೇಗೆ ನಿಲ್ಲುತ್ತಾನೆ ಅನ್ನುವುದೂ ಆ ಹದಿನೈದರಲ್ಲೇ ಗೊತ್ತಾಗುತ್ತಿತ್ತು. ಚಿಕ್ಕ ದೂರದ, ಹೆಜ್ಜೆಗೆ ಕಟ್ಟಿದ ಎಸೆತಗಳ ಪದ್ಧತಿ ಗಟ್ಟಿಯಾದದ್ದೂ ಅವರ ಕೈಯಲ್ಲೇ. 1979ರ ಡ್ರಾಫ್ಟ್‌ನಲ್ಲಿ 82ನೆಯವರಾಗಿ ಬಂದ ಜೋ ಮೊಂಟಾನಾ ಆ ಪದ್ಧತಿಗೆ ಹೇಳಿ ಮಾಡಿಸಿದಂತಿದ್ದರು. ಆಗ ಯಾರೂ ಅವರ ಕೈಬಲ ಹೊಗಳಿದವರಲ್ಲ.

ಕ್ವಾರ್ಟರ್‌ಬ್ಯಾಕ್ ಹೆಲ್ಮೆಟ್ಟಿನೊಳಗೆ ಕೋಚ್ ಮಾತಾಡ್ತಾನೇ ಇರ್ತಾರಾ? ಹಾಗಾದರೆ ಆಟಗಾರನ ಬುದ್ಧಿ ಏನು ಬಂತು?
— ವಿಜಯನಗರ, ಮೈಸೂರು

ಪೂರ್ತಿ ಅಲ್ಲ. ರೇಡಿಯೊ 1994ರಿಂದ ಇದೆ. ಅದಿರುವ ಹೆಲ್ಮೆಟ್ಟಿನ ಹಿಂಭಾಗದಲ್ಲಿ ಹಸಿರು ಚುಕ್ಕೆ ಕಾಣುತ್ತದೆ. ನಡೆಗಳ ನಡುವಿನ ಗಡಿಯಾರ ಸಾಮಾನ್ಯವಾಗಿ 40 ಸೆಕೆಂಡಿನದು. ಅದರಲ್ಲಿ 15 ಉಳಿದಾಗ ಧ್ವನಿ ಕಟ್. ಎದುರಾಳಿ ಜಾಗ ಬದಲಿಸುವುದು ಆ ಕೊನೆಯ ಹದಿನೈದರಲ್ಲೇ. ಅಲ್ಲಿ ಬುದ್ಧಿ ಅವನದೇ.

ಆರು ಕೋಟಿ ಡಾಲರ್ ಸಂಬಳದ ಕ್ವಾರ್ಟರ್‌ಬ್ಯಾಕ್ ಇದ್ದೂ ತಂಡ ಸೋಲೋದ್ಯಾಕೆ?
— ಪಾಂಡವಪುರ

ಒಂದು ತಂಡ ಆಟಗಾರರ ಮೇಲೆ ಇಷ್ಟೇ ಖರ್ಚು ಮಾಡಬೇಕೆಂಬ ಮಿತಿ ಇದೆ. 2025ರಲ್ಲಿ ಅದು 27.92 ಕೋಟಿ ಡಾಲರ್. 2024ರಲ್ಲಿ ಡ್ಯಾಕ್ ಪ್ರೆಸ್ಕಾಟ್ ಮಾಡಿಕೊಂಡ ಒಪ್ಪಂದ ವರ್ಷಕ್ಕೆ ಸರಾಸರಿ 6 ಕೋಟಿ. ಮಿತಿಯ ಐದನೇ ಒಂದು ಪಾಲಿಗಿಂತ ಹೆಚ್ಚು ಒಬ್ಬನಿಗೇ ಹೋದರೆ ಉಳಿದ 52 ಜನ ಮಿಕ್ಕಿದ್ದರಲ್ಲಿ ಹಂಚಿಕೊಳ್ಳಬೇಕು. ಸಹಿ ಹಾಕುವಾಗಿನ ಬೋನಸ್ಸನ್ನು ಐದು ವರ್ಷಗಳವರೆಗೆ ಹಂಚಿ ತೋರಿಸುವ ಉಪಾಯ ಇದೆ ಅನ್ನಿ. ಆದರೆ ಅದು ಕೈಗಡವಿದ್ದ ಹಾಗೆ, ತೀರಿಸುವ ದಿನ ಬಂದೇ ಬರುತ್ತದೆ.

ಇದಕ್ಕೆ ತದ್ವಿರುದ್ಧ ಬ್ರಾಕ್ ಪರ್ಡಿ. 2022ರ ಡ್ರಾಫ್ಟ್‌ನ ಕಟ್ಟಕಡೆಯ, 262ನೆಯ ಆಯ್ಕೆ. 2023ರ ಸೀಸನ್‌ಗೆ ಅವರ ಸಂಬಳ 8.7 ಲಕ್ಷ ಡಾಲರ್. ಉಳಿದ ಹಣದಲ್ಲಿ 49ಅರ್ಸ್ ಸುತ್ತಲೂ ಗಟ್ಟಿ ತಂಡ ಕಟ್ಟಿ ಸೂಪರ್ ಬೌಲ್‌ವರೆಗೆ ಹೋಯಿತು, ಹೆಚ್ಚುವರಿ ಸಮಯದಲ್ಲಿ 25–22ರಿಂದ ಸೋತಿತು. 2025ರಲ್ಲಿ ಅವರಿಗೂ ವರ್ಷಕ್ಕೆ ಸರಾಸರಿ 5.3 ಕೋಟಿಯ ಒಪ್ಪಂದ ಆಯಿತು. ಅಗ್ಗದ ಕಾಲ ಮುಗಿಯಿತು. ಹೊಸ ಸೀಸನ್‌ಗೆ ಯಾವ ತಂಡ ಮೇಲೇಳಬಹುದು ಅಂತ ಕೇಳುವವರಿಗೆ ನಮ್ಮ ಸೂತ್ರ ಇಷ್ಟೇ: ಇನ್ನೂ ಮೊದಲ ಒಪ್ಪಂದದಲ್ಲಿರುವ, ಎರಡನೇ ಅಥವಾ ಮೂರನೇ ವರ್ಷದ ಕ್ವಾರ್ಟರ್‌ಬ್ಯಾಕ್ ಯಾರ ಬಳಿ ಇದ್ದಾನೆ, ಅವನ ಕೋಚ್ ಬದಲಾಗಿಲ್ಲ ತಾನೇ, ಅದನ್ನು ಮೊದಲು ನೋಡಿ. ಮೂರು ವರ್ಷದಲ್ಲಿ ಮೂವರು ಕೋಚ್‌ಗಳ ಕೈಗೆ ಸಿಕ್ಕ ಹುಡುಗನನ್ನು ಬೈಯಬೇಡಿ. ಪ್ರತಿ ವರ್ಷ ಹೊಸ ಭಾಷೆ ಕಲಿಯುವುದರಲ್ಲೇ ಅವನ ಕಾಲ ಕಳೆದಿರುತ್ತದೆ.

ನಮ್ಮ ಹೈಸ್ಕೂಲಿನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಶುರು ಮಾಡಬೇಕೆಂದಿದ್ದೇನೆ. ಮೈದಾನ, ಸಾಮಾನು ಏನೇನು ಬೇಕು? (ದೈಹಿಕ ಶಿಕ್ಷಕ)
— ಮದ್ದೂರು

ಒಳ್ಳೆಯ ಹೊತ್ತಿಗೆ ಕೇಳಿದಿರಿ, ಮೇಷ್ಟ್ರೇ. 2023ರ ಅಕ್ಟೋಬರ್‌ನಲ್ಲಿ ಮುಂಬೈಯಲ್ಲೇ ನಡೆದ ಒಲಿಂಪಿಕ್ ಸಮಿತಿಯ ಅಧಿವೇಶನದಲ್ಲಿ ಕ್ರಿಕೆಟ್ ಜೊತೆಗೆ ಇದೂ 2028ರ ಲಾಸ್ ಏಂಜಲೀಸ್ ಕ್ರೀಡಾಕೂಟಕ್ಕೆ ಸೇರಿತು, ಹುಡುಗರಿಗೂ ಹುಡುಗಿಯರಿಗೂ. ಒಂದೊಂದು ಕಡೆ ಐದು ಜನ ಆಡುವುದು. ಕೆಡವುವಂತಿಲ್ಲ, ತಳ್ಳುವಂತಿಲ್ಲ, ಸೊಂಟದ ಪಟ್ಟಿಯಿಂದ ಫ್ಲ್ಯಾಗ್ ಕಿತ್ತರೆ ಆ ನಡೆ ಮುಗಿಯಿತು.

ಮೈದಾನ 70 ಗಜ ಉದ್ದ, 25 ಗಜ ಅಗಲ. ಅಂದರೆ 64 ಮೀಟರ್‌ಗೆ ಸುಮಾರು 23. ಎರಡು ತುದಿಯ ಹತ್ತತ್ತು ಗಜ ಎಂಡ್ ಝೋನ್, ಅಂದರೆ ಚೆಂಡು ತಲುಪಿಸಿ ಅಂಕ ಗಳಿಸುವ ಜಾಗ. ಗೋಲು ಗೆರೆಗೂ ನಡುಗೆರೆಗೂ ಐದು ಗಜ ಮೊದಲು ಒಂದೊಂದು ಗೆರೆ ಹಾಕಿ, ಆ ಐದು ಗಜದಲ್ಲಿ ಓಟ ನಿಷಿದ್ಧ, ಎಸೆಯಲೇಬೇಕು. ಸುತ್ತಳತೆ, ಅಡ್ಡಗೆರೆ ಎಲ್ಲಾ ಸೇರಿ ಸುಮಾರು 335 ಮೀಟರ್ ಸುಣ್ಣದ ಗೆರೆ ಆಗುತ್ತದೆ. ಹಾಕಿ ಮೈದಾನ ಇದ್ದರೆ ಪಕ್ಕಪಕ್ಕ ಎರಡು ಅಂಕಣ ಹಿಡಿಯುತ್ತವೆ.

ನಿಮ್ಮ ಗೆರೆಯಿಂದ ಐದು ಗಜದಲ್ಲಿ ಆಟ ಶುರು. ನಾಲ್ಕು ಯತ್ನದಲ್ಲಿ ನಡುಗೆರೆ ದಾಟಬೇಕು, ದಾಟಿದರೆ ಗೋಲಿಗೆ ಮತ್ತೆ ನಾಲ್ಕು. ಚೆಂಡು ಪಡೆದ ಕ್ವಾರ್ಟರ್‌ಬ್ಯಾಕ್ ತಾನೇ ಗೆರೆ ದಾಟಿ ಓಡುವಂತಿಲ್ಲ. ಅವನ ಮೇಲೆ ನುಗ್ಗುವವನು ಏಳು ಗಜ ದೂರದಿಂದ ಹೊರಡಬೇಕು. ಆ ಏಳು ಗಜಕ್ಕೆ ಒಂದು ಕೋನ್ ಇಡಿ, ಇಲ್ಲದಿದ್ದರೆ ಪ್ರತಿ ನಡೆಗೂ ಜಗಳ.

ಸಾಮಾನು ಕಡಿಮೆ: ಮೂರು ಜೂನಿಯರ್ ಅಥವಾ ಯೂತ್ ರಬ್ಬರ್ ಚೆಂಡು, ಹದಿನಾಲ್ಕು ಪಟ್ಟಿ, ಕೋನ್‌ಗಳು, ಹಲ್ಲಿನ ಗಾರ್ಡ್. ಪಟ್ಟಿಯನ್ನು ಹೊಲಿಸಿಕೊಳ್ಳುವುದಾದರೆ ಎಲಾಸ್ಟಿಕ್ ಮೇಲೆ ಎರಡೂ ಪಕ್ಕಕ್ಕೆ ಸುಮಾರು ಒಂದೂಕಾಲು ಅಡಿಯ ಫ್ಲ್ಯಾಗ್, ಸಿಕ್ಕಿಸಲು ವೆಲ್ಕ್ರೋ. ಗಂಟು ಮಾತ್ರ ಹಾಕಿಸಬೇಡಿ: ಎಳೆದಾಗ ಬಿಚ್ಚದೆ ಮಗು ಮಗುಚಿ ಬೀಳುತ್ತದೆ. ಜೇಬಿರುವ ಚಡ್ಡಿಯೂ ಬೇಡ, ಕೀಳಲು ಬಂದವರ ಬೆರಳು ಜೇಬಿಗೆ ಸಿಕ್ಕಿ ಉಳುಕುತ್ತದೆ. ಅಂಗಿ ಒಳಗೆ ಸೇರಿಸಿರಲಿ. ನಮ್ಮ ಕಬಡ್ಡಿ ಹುಡುಗರಿಗೆ ಇಲ್ಲಿ ಒಂದು ಲಾಭ, ಒಂದು ನಷ್ಟ. ತಗ್ಗಿ ಕಾಲು ಬದಲಿಸಿ ತಪ್ಪಿಸಿಕೊಳ್ಳುವುದು ಅವರಿಗೆ ಹುಟ್ಟುಗುಣ. ಆದರೆ ಎದುರಿಗೆ ಬಂದವನನ್ನು ತಬ್ಬಿ ಹಿಡಿಯುವುದೂ ಅಷ್ಟೇ ಹುಟ್ಟುಗುಣ. ಮೊದಲ ವಾರ ಚೆಂಡನ್ನೇ ಕೊಡದೆ ಬರೀ ಫ್ಲ್ಯಾಗ್ ಕೀಳುವ ಆಟ ಆಡಿಸಿ.

ಹೊಸ ಸೀಸನ್ ನೋಡಲು ರಾತ್ರಿಯೆಲ್ಲ ಎದ್ದಿರಬೇಕಾ? ಬೆಳಗ್ಗೆ ಕೆಲಸಕ್ಕೆ ಹೋಗಬೇಕು.
— ಹೆಬ್ಬಾಳು, ಮೈಸೂರು

ಬೇಡ. ಭಾನುವಾರದ ಮೊದಲ ಸರದಿ ನಮ್ಮ ರಾತ್ರಿ 10.30ಕ್ಕೆ, ಎರಡನೆಯದು ಒಂದೂವರೆ–ಎರಡರ ಹೊತ್ತಿಗೆ, ರಾತ್ರಿ ಪಂದ್ಯ ಸೋಮವಾರ ಬೆಳಗಿನ 5.50ಕ್ಕೆ. ನವೆಂಬರ್ ಮೊದಲ ಭಾನುವಾರ ಅಮೆರಿಕದಲ್ಲಿ ಗಡಿಯಾರ ಬದಲಾಗುತ್ತದೆ, ಆಮೇಲೆ ಎಲ್ಲಕ್ಕೂ ಒಂದು ಗಂಟೆ ಸೇರಿಸಿ. ನಡುರಾತ್ರಿಯ ಸರದಿ ಬಿಟ್ಟು ಬೆಳಗಿನದನ್ನು ಕಾಫಿ ಜೊತೆ ನೋಡಿ. ಲಂಡನ್‌ನಲ್ಲಿ ಆಡುವ ಪಂದ್ಯಗಳು ಸಾಮಾನ್ಯವಾಗಿ ನಮ್ಮ ಸಂಜೆ 7ಕ್ಕೇ ಶುರುವಾಗುತ್ತವೆ. ಮನೆಮಂದಿಯ ಜೊತೆ ಕೂತು ನೋಡಲು ಅದಕ್ಕಿಂತ ಅನುಕೂಲದ್ದು ಇನ್ನಿಲ್ಲ.

ಆಗಸ್ಟ್ ತಿಂಗಳ ಅಭ್ಯಾಸ ಪಂದ್ಯಗಳನ್ನು ನೋಡಿ ಏನಾದರೂ ಹೇಳಬಹುದೇ?
— ಕೆ.ಆರ್. ಪೇಟೆ

ಅಂಕ ನೋಡಬೇಡಿ. ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳು ಒಂದೆರಡು ಸರದಿ ಆಡಿ ಟೋಪಿ ಹಾಕಿಕೊಂಡು ನಿಂತುಬಿಡುತ್ತಾರೆ. 90 ಜನರ ಪಟ್ಟಿಯನ್ನು 53ಕ್ಕೆ ಇಳಿಸುವ ದಿನಗಳವು. ಎರಡನೇ ಅರ್ಧದಲ್ಲಿ ಬರುವ ಹೊಸ ಹುಡುಗ ಮೂರನೇ ಹೆಜ್ಜೆ ಊರಿದ ಕೂಡಲೇ ಚೆಂಡು ಬಿಡುತ್ತಾನೋ ಇಲ್ಲವೋ ನೋಡಿ, ಹೆಸರು ಬರೆದಿಟ್ಟುಕೊಳ್ಳಿ, ಡಿಸೆಂಬರ್‌ನಲ್ಲಿ ಒಮ್ಮೆ ತೆಗೆದು ನೋಡಿ.